ಸನ್ಮಾನಕ್ಕೆ ಹೋದ ಒಂದು ಗಂಟೆ

ಕೋರ್ಟಿನಲ್ಲಿ ಚೌಕಾಸಿ ಮಾಡಬಾರದೆಂದು ಯಾರೂ ಬರೆದಿಟ್ಟಿಲ್ಲ. ಪಾರ್ಕಿಂಗ್ ಟಿಕೆಟ್‌ಗಳು, ಅವಧಿ ಮುಗಿದ ಕಾರ್ ಇನ್ಸ್‌ಪೆಕ್ಷನ್ ಎಲ್ಲ ಸೇರಿ ಬೆಳೆದಿದ್ದ ದಂಡ ಕಟ್ಟುವ ಶಕ್ತಿ ನನಗಿಲ್ಲವೆಂದು ಆದಾಯದ ಕಾಗದ ಮುಂದಿಟ್ಟೆ. ಅದರ ಬದಲು ಐವತ್ತು ಗಂಟೆ ಸಂಬಳವಿಲ್ಲದ ಕೆಲಸ ಎಂದರು ನ್ಯಾಯಾಧೀಶರು. ನಾನು ಮೂವತ್ತು ಎಂದೆ. ನಲವತ್ತಕ್ಕೆ ಕುದುರಿತು. ನೀವೂ ಕೇಳಿ ನೋಡಿ, ಕೇಳುವುದಕ್ಕೇನೂ ಖರ್ಚಿಲ್ಲ. ಆದರೆ ಸೋಮವಾರದೊಳಗೆ ನಲವತ್ತೂ ತುಂಬಿದ, ಸಹಿಯಾದ ಹಾಳೆ ಕೊಡದಿದ್ದರೆ ಲೈಸೆನ್ಸ್ ಅಮಾನತು. ಓಲ್ಡ್ ಬ್ರಿಡ್ಜ್ ಎಂಬ ನಮ್ಮ ಊರಿನಿಂದ ಜನರನ್ನು ಏರ್‌ಪೋರ್ಟಿಗೆ ಬಿಟ್ಟು ಬದುಕುವವನು ನಾನು. ಲೈಸೆನ್ಸ್ ಹೋದರೆ ಒಲೆ ಹೊತ್ತುವುದಿಲ್ಲ.

ಕೆಲಸ ಸಿಕ್ಕಿದ್ದು ಬಡವರಿಗೆ ಉಚಿತವಾಗಿ ದಿನಸಿ ಹಂಚುವ ಫುಡ್ ಪ್ಯಾಂಟ್ರಿಯಲ್ಲಿ. ಡಬ್ಬ ಜೋಡಿಸುವುದು, ನೆಲ ಗುಡಿಸುವುದು. ಒಂದು ದಿನ ಅಕ್ಕಿ ದಾನ ಕೊಡಲು ನಮ್ಮ ಕಡೆಯ ಕನ್ನಡ ಸಂಘದ ಅಧ್ಯಕ್ಷರು ಬಂದರು. ಏಪ್ರನ್ ಕಟ್ಟಿಕೊಂಡಿದ್ದ ನನ್ನನ್ನು ನೋಡಿ, ಎಷ್ಟು ದಿನದಿಂದ ಈ ಸೇವೆ ಎಂದು ಕೇಳಿದರು. ಮೂವತ್ತೈದು ಗಂಟೆ ಆಯಿತು ಎಂದೆ. ಸುಳ್ಳೇನಲ್ಲವಲ್ಲ.

"ಗಂಟೆ ಲೆಕ್ಕದಲ್ಲಿ ಹೇಳ್ತಿದೀರಲ್ಲ ಸರ್, ಅದು ಡೆಡಿಕೇಶನ್ ಅಂದ್ರೆ," ಎಂದು ಕೈ ಕುಲುಕಿದರು.

ಉಳಿದದ್ದು ಐದು ಗಂಟೆ. ಶನಿವಾರ ಆ ಕೊನೆಯ ಪಾಳಿಯ ನಡುವೆ ಅಧ್ಯಕ್ಷರು ಶಾಲು, ಹಾರ, ಮೈಸೂರು ಪೇಟದೊಂದಿಗೆ ಸದಸ್ಯರನ್ನೂ ಕರೆತಂದರು. ಬೇಡವೆನ್ನಬಹುದಿತ್ತು, ಆದರೆ ಕಾರಣ ಹೇಳಬೇಕಾಗುತ್ತಿತ್ತು. ಕುರ್ಚಿಯಲ್ಲಿ ಕೂತೆ. ಸ್ವಾಗತ, ಭಾಷಣ, ವಂದನಾರ್ಪಣೆ. ನಿಸ್ವಾರ್ಥ ಎಂಬ ಮಾತು ನಾಲ್ಕು ಸಲ ಬಂತು.

ನಮ್ಮ ಗಂಟೆ ಬರೆದಿಡುವ ಮೇಲ್ವಿಚಾರಕಿ ಗೋಡೆಗೊರಗಿ ನೋಡುತ್ತಿದ್ದರು. ಪಾಳಿ ಮುಗಿದಾಗ ಪಕ್ಕಕ್ಕೆ ಕರೆದು ಹಾಳೆ ತೋರಿಸಿದರು: ಮೂವತ್ತೊಂಬತ್ತು. ಕುರ್ಚಿಯಲ್ಲಿ ಕೂತದ್ದು ಕೆಲಸವಲ್ಲವಂತೆ. ಚಪ್ಪಾಳೆ ಹೊತ್ತಿನಲ್ಲಿ ಎದ್ದು ನಿಂತಿದ್ದೆನಲ್ಲ, ಅರ್ಧ ಗಂಟೆಯಾದರೂ ಹಿಡಿಯಿರಿ ಎಂದೆ. ನ್ಯಾಯಾಧೀಶರೇ ವಾಸಿ, ಈಕೆ ಒಂದು ನಿಮಿಷವೂ ಇಳಿಯಲಿಲ್ಲ. ಪೊರಕೆ ಕೈಗಿಟ್ಟರು.

ಸಂಘದವರು ಇನ್ನೂ ಬಾಗಿಲಲ್ಲೇ ಮಾತಾಡುತ್ತ ನಿಂತಿದ್ದರು. ನಾನು ಶಾಲು ತೆಗೆಯುವುದರೊಳಗೆ ಅಧ್ಯಕ್ಷರು ಓಡಿ ಬಂದರು.

"ತೆಗೀಬೇಡಿ ಸರ್, ಹಾಗೇ ಗುಡಿಸಿ. ಸನ್ಮಾನ ಆದ ಮೇಲೂ ಪೊರಕೆ ಹಿಡಿಯೋರು ಈಗ ಯಾರಿದಾರೆ?"

ಪೇಟ, ಹಾರ, ಶಾಲು ಸಮೇತ ಒಂದು ಗಂಟೆ ಗುಡಿಸಿದೆ. ನಲವತ್ತು ತುಂಬಿತು, ಸಹಿ ಬಿತ್ತು, ಸೋಮವಾರ ಬೆಳಗ್ಗೆ ಮೊದಲು ಕೋರ್ಟಿಗೆ, ಆಮೇಲೆ ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ನನ್ನ ಬುದ್ಧಿಮಾತು ಇಷ್ಟೇ: ಶಾಲು ಹೊದಿಸಲು ಬಂದವರಿಗೆ, ಪಾಳಿ ಮುಗಿದ ಮೇಲೆ ಬನ್ನಿ ಎನ್ನಿ. ಅವತ್ತಿನ ಫೋಟೋ ಸಂಘದ ವಾಟ್ಸಾಪ್ ಗುಂಪಿನಲ್ಲಿದೆ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ನಾನು ಗಡಿಯಾರ ನೋಡುತ್ತಿದ್ದೇನೆ.