ಎಂಟು ಬಿಟ್ಟು ಒಂಬತ್ತಕ್ಕೆ

ನಮ್ಮ ಊರಿನಲ್ಲಿ ಯಾರು ಹಾಡಿದರೂ ಚಪ್ಪಾಳೆಯೆಲ್ಲ ಮುಂದೆ ನಿಂತವರಿಗೆ. ಹಿಂದೆ ಪಿಯಾನೋಗೆ ಕೂತ ತೆಕ್ಲಾ ಒನುಫ್ರಿಯಿವ್ನಾ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಪ್ಸೆಲ್ ಹೊಳೆಯ ದಂಡೆಯ ಈ ಸಣ್ಣ ಊರಿನ ಸಂಗೀತ ಶಾಲೆಯಲ್ಲಿ ನಲವತ್ನಾಲ್ಕು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ: ಬೇರೆಯವರ ಹಾಡಿಗೆ, ಬೇರೆಯವರ ಪಿಟೀಲಿಗೆ ಸಾಥ್ ಕೊಡುವುದು. ಒಬ್ಬರೇ ಕೂತು ಒಂದು ಕಛೇರಿ ಮಾಡಿದವರಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಮುಂದೆ ನಿಂತೋರು ಎಡವಿದಾಗ, ಸಭೆಗೆ ಗೊತ್ತಾಗದ ಹಾಗೆ ಹಿಡ್ಕೊಳ್ಳೋಕೆ ಒಬ್ಬರು ಬೇಕಲ್ಲ ಕಣೇ? ಎಲ್ಲರೂ ಮುಂದೆ ಬಂದು ನಿಂತ್ರೆ ಹಿಡ್ಕೊಳ್ಳೋರು ಯಾರು?” ಎಂದರು.

ನನಗೂ ಪಿಯಾನೋ ಕಲಿಸಲು ನೋಡಿದ್ದರು. ಎರಡು ವರ್ಷ ಹೇಗೋ ಸಹಿಸಿಕೊಂಡು, “ಓರಿಸ್ಯಾ, ನಿನ್ನ ಕೈ ದೇವರು ಹಿಟ್ಟು ನಾದೋಕೆ ಕೊಟ್ಟಿರೋದು. ಪಾಪದ ಪಿಯಾನೋ ಮೇಲೆ ಯಾಕೆ ತೋರಿಸ್ತೀಯ?” ಎಂದರು. ಅಮ್ಮ ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದಳು. ನಾನೀಗ ಬೇಕರಿಯಲ್ಲಿದ್ದೇನೆ, ನನ್ನ ರೊಟ್ಟಿಗೆ ಹೆಸರಿದೆ. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಕೆಯ ಪಾಠಕ್ಕೊಂದು ಕ್ರಮವಿತ್ತು. ಕೀಲಿ ಕೊಟ್ಟರೆ ಟಕ್ ಟಕ್ ಎಂದು ತಾಳ ಹಾಕುವ ಮರದ ಡಬ್ಬಿಯನ್ನು ಪಿಯಾನೋ ಮೇಲಿಟ್ಟು, “ಎಂಟು ಬಿಡು, ಒಂಬತ್ತಕ್ಕೆ ಬಾ” ಎನ್ನುತ್ತಿದ್ದರು. ಎಂಟನೆಯ ತಟ್ಟಿಗೆ ಉಸಿರು ಎಳೆದುಕೊಳ್ಳಬೇಕು, ಒಂಬತ್ತಕ್ಕೆ ಸ್ವರ ಹೊರಡಬೇಕು. ಊರಿನ ಅರ್ಧ ಜನಕ್ಕೆ ಈ ಚಾಳಿ ಅಂಟಿಸಿದ್ದಾರೆ.

ಯುದ್ಧ ಬಂದ ಮೇಲೆ ಈ ಚಾಳಿಯೇ ಫಜೀತಿಯಾಯಿತು. ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಸತ್ತವರಿಗಾಗಿ ಇಡೀ ದೇಶ ಒಂದು ನಿಮಿಷ ಮೌನವಾಗಿ ನಿಲ್ಲುತ್ತದೆ. ಬಸ್ಸು ನಿಲ್ಲುತ್ತದೆ, ಗಂಡಸರು ಟೋಪಿ ತೆಗೆಯುತ್ತಾರೆ, ಚೌಕದ ಧ್ವನಿವರ್ಧಕದಲ್ಲಿ ಅಂಥದೇ ತಾಳದ ಡಬ್ಬಿ ಟಕ್ ಟಕ್ ಎನ್ನುತ್ತದೆ. ತೆಕ್ಲಾ ಒನುಫ್ರಿಯಿವ್ನಾ ಹತ್ತಿರ ಕಲಿತವರೆಲ್ಲ ಎಂಟಕ್ಕೆ ಎದೆ ತುಂಬ ಉಸಿರೆಳೆದುಕೊಂಡು, ಒಂಬತ್ತಕ್ಕೆ ಗಬಕ್ಕನೆ ಬಾಯಿ ಮುಚ್ಚಿಕೊಳ್ಳುತ್ತೇವೆ. ಅಂಚೆ ಕಚೇರಿಯ ದಪ್ಪ ಮ್ಯಾನೇಜರ್ ಕೂಡ ಹೀಗೇ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ನನ್ನ ತಮ್ಮ ಯುಖಿಮ್‌ನ ವಿಷಯ. ಅವನು ಹಾಡುಗಾರ, ಆಕೆಯ ಹತ್ತಿರವೇ ಕಲಿತವನು. ಗೆಳೆಯ ಮರ್ಕಿಯಾನ್ ಡ್ರಮ್ ಬಾರಿಸುತ್ತಿದ್ದ. ಇಬ್ಬರೂ ಸೇರಿ ಹಾಡು ಕಟ್ಟುತ್ತಿದ್ದರು, ಪೊಲ್ತಾವಾದ ಕಾಫಿ ಅಂಗಡಿಗಳಲ್ಲಿ ಹುಡುಗಿಯರು ಅವರ ಹಾಡನ್ನು ಬಾಯಿಪಾಠ ಹೇಳುತ್ತಿದ್ದರು. ಒಟ್ಟಿಗೆ ಸೈನ್ಯ ಸೇರಿದರು. ಒಂದೇ ಕಂದಕದಲ್ಲಿದ್ದಾಗ ಶೆಲ್ ಬಿತ್ತು. ಮರ್ಕಿಯಾನ್ ಅಲ್ಲೇ ಹೋದ. ಯುಖಿಮ್ ಮೈಮೇಲೆ ಒಂದು ಗೀರೂ ಇಲ್ಲ, ಆದರೆ ಮಾತು ನಿಂತುಹೋಯಿತು. ಗಂಟಲು ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಮೊದಲ ಅಕ್ಷರ ಶುರು ಮಾಡುವುದಕ್ಕೇ ಆಗುತ್ತಿಲ್ಲ ಎಂದರು ಡಾಕ್ಟರು.

ಅವನು ಮನೆಗೆ ಬಂದ ಐದನೆಯ ತಿಂಗಳಲ್ಲಿ, ಯಾರೂ ಕರೆಯದೆ, ತೆಕ್ಲಾ ಒನುಫ್ರಿಯಿವ್ನಾ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದರು. ವಯಸ್ಸು ಎಪ್ಪತ್ತೊಂದು, ಮೂರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

“ಅಡುಗೆ ಏನೇ?”

“ಹಲುಶ್ಕಿ. ಹಿಟ್ಟಿನ ಉಂಡೆಗೆ ಈರುಳ್ಳಿ ಒಗ್ಗರಣೆ ಹಾಕಿದ್ದೀನಿ.”

“ಹಾಗಾದ್ರೆ ದಿನಾ ಬರ್ತೀನಿ.”

ದಿನಾ ಬಂದರು. ಕರೆಂಟ್ ಇಲ್ಲದ ದಿನ ಕೋಟು ಹಾಕಿಕೊಂಡೇ, ಬೆರಳು ಮಾತ್ರ ಬಿಟ್ಟ ಕೈಗವಸು ತೊಟ್ಟು, ನಮ್ಮ ಹಳೇ ಪಿಯಾನೋ ಮುಂದೆ ಕೂತರು. ಎಂಟು ತಟ್ಟು. ಒಂಬತ್ತಕ್ಕೆ ನನ್ನ ತಮ್ಮ ಬಾಯಿ ತೆರೆಯುತ್ತಿದ್ದ, ಕುತ್ತಿಗೆಯ ನರ ಉಬ್ಬುತ್ತಿತ್ತು, ಏನೂ ಬರುತ್ತಿರಲಿಲ್ಲ. “ಪರವಾಗಿಲ್ಲ ಮಗಾ, ಇನ್ನೊಂದ್ಸಲ” ಎನ್ನುತ್ತಿದ್ದರು. ಮೂರು ತಿಂಗಳು ಹೀಗೇ ನಡೆಯಿತು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ನನಗೇ ಕಿರುಚುವಂತಾಗುತ್ತಿತ್ತು.

ಒಂದು ದಿನ ಯುಖಿಮ್ ಪಿಯಾನೋ ಮುಚ್ಚಳವನ್ನು ಧಡ್ ಎಂದು ಹಾಕಿದ. ಚೀಟಿಯಲ್ಲಿ ‘ಸಾಕು. ಇನ್ನು ಬರಬೇಡಿ’ ಎಂದು ಬರೆದು ಕೈಗೆ ಕೊಟ್ಟ. ಆಕೆ ಕನ್ನಡಕ ಹಾಕಿಕೊಂಡು ಓದಿದರು.

“ಅಕ್ಷರ ಸುಧಾರಿಸಿದೆ. ಸರಿ, ಹಾಡು ಬೇಡ. ನಾಳೆ ಬೆಳಿಗ್ಗೆ ಪೇಟೆಯಿಂದ ನನ್ನ ಆಲೂಗಡ್ಡೆ ಚೀಲ ಹೊತ್ಕೊಡು. ಅದಕ್ಕೇನೂ ಬಾಯಿ ಬೇಕಾಗಿಲ್ವಲ್ಲ?”

ಮರುದಿನ ಮೂವರೂ ಹೋದೆವು. ಚೀಲ ಯುಖಿಮ್‌ನ ಹೆಗಲ ಮೇಲೆ. ಅವನು ಯಾವಾಗಲೂ ಹಿಂದಿನ ಬೀದಿ ಹಿಡಿಯುತ್ತಿದ್ದ. ಚೌಕದಲ್ಲಿ ಸತ್ತ ಹುಡುಗರ ಫೋಟೋ ಹಾಕಿದ ಗೋಡೆಯಿದೆ. ಮರ್ಕಿಯಾನ್‌ನ ತಾಯಿ ಮೆಲಾನಿಯಾ ದಿನಾ ಬೆಳಿಗ್ಗೆ ಅಲ್ಲಿ ನಿಂತಿರುತ್ತಾರೆ. ಬಂದಾಗಿನಿಂದ ಅವನು ಆಕೆಗೆ ಮುಖ ತೋರಿಸಿರಲಿಲ್ಲ. ಬದುಕಿ ಬಂದವನು ಬರಿಗೈಲಿ, ಬರಿಬಾಯಲ್ಲಿ ಆ ತಾಯಿಯ ಮುಂದೆ ಹೇಗೆ ನಿಂತಾನು? ಆದರೆ ಆವತ್ತು ಹಿಂದಿನ ಬೀದಿಯನ್ನು ಕರೆಂಟಿನವರು ಅಗೆದು ಹಾಕಿದ್ದರು. ಚೌಕದ ಮೇಲೇ ಬರಬೇಕಾಯಿತು. ಮೆಲಾನಿಯಾ ಕಂಡದ್ದೇ ಅವನು ಹಿಂದೆ ತಿರುಗಿದ. ಅಷ್ಟರಲ್ಲಿ ಒಂಬತ್ತು ಗಂಟೆಯಾಯಿತು, ತಾಳ ಶುರುವಾಯಿತು. ಆ ನಿಮಿಷದಲ್ಲಿ ಹೆಜ್ಜೆ ಕಿತ್ತಿಡುವಂತಿಲ್ಲ. ಇದ್ದಲ್ಲೇ ನಿಂತೆವು.

ಎಂಟಕ್ಕೆ ಎಂದಿನಂತೆ ನನ್ನ ಉಸಿರು ಒಳಗೆ ಹೋಯಿತು. ಒಂಬತ್ತಕ್ಕೆ ನಾನು ಬಾಯಿ ಮುಚ್ಚಿದೆ. ನನ್ನ ತಮ್ಮ ಮುಚ್ಚಲಿಲ್ಲ.

ಅವನು ಹಾಡಿದ. ಆ ಮೌನದ ನಡುವೆ, ಹೆಗಲ ಮೇಲೆ ಆಲೂಗಡ್ಡೆ ಹೊತ್ತುಕೊಂಡು, ಒಡೆದ ದನಿಯಲ್ಲಿ, ನಾನು ಹಿಂದೆಂದೂ ಕೇಳಿರದ ಹಾಡು. ‘ಅಣ್ಣಾ, ನನ್ನ ಪಾಲಿನ ಚಹಾ ಆರಿಹೋಗಲಿ, ನೀನು ಮಲಗು’ ಎಂದು ಶುರುವಾಗುತ್ತಿತ್ತು. ಸತ್ತವರ ನಿಮಿಷ ಮುರಿದರೆ ಜನ ಬಿಟ್ಟಾರೆಯೇ? ಒಬ್ಬ ಮುದುಕ ಟೋಪಿ ಹಿಡಿದುಕೊಂಡು ದುರುಗುಟ್ಟಿ ನೋಡಿದ. ತಮ್ಮನ ಬಾಯಿ ಮುಚ್ಚಲು ನಾನು ಕೈ ಎತ್ತಿದ್ದೆ, ದೇವರಾಣೆ. ತೆಕ್ಲಾ ಒನುಫ್ರಿಯಿವ್ನಾ ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದರು. ಎರಡನೆಯ ಸಾಲಿಗೆ ಅವನ ದನಿ ನಡುಗಿ ಇನ್ನೇನು ಕುಸಿಯುವಾಗ, ಆಕೆ ಕೆಳಗಿನ ಸ್ವರದಲ್ಲಿ ಗುನುಗತೊಡಗಿದರು. ಪಿಯಾನೋ ಇಲ್ಲ, ಹಾಡು ಗೊತ್ತಿಲ್ಲ, ಆದರೂ ಅವನ ಉಸಿರು ನೋಡಿಕೊಂಡು ಹಿಂದೆಯೇ ನಡೆದರು. ಅವನು ಕುಸಿಯಲಿಲ್ಲ.

ತಾಳ ನಿಂತಿತು. ಬಸ್ಸು ಹೊರಡಲಿಲ್ಲ. ನಾನು ಓಡಿಹೋಗಿ ಮೆಲಾನಿಯಾ ಮುಂದೆ ನಿಂತೆ. “ಅಮ್ಮಾ, ತಪ್ಪು ತಿಳ್ಕೋಬೇಡಿ, ಅವನಿಗೆ ಗೊತ್ತಾಗ್ಲಿಲ್ಲ...”

“ಬಿಡಮ್ಮ,” ಎಂದರು ಆಕೆ. “ನನ್ನ ಮಗನೂ ಒಂದು ನಿಮಿಷ ಸುಮ್ನಿದ್ದೋನಲ್ಲ. ಚಮಚ ಸಿಕ್ರೆ ಮೇಜು ಬಡೀತಿದ್ದ.” ಆಮೇಲೆ ಯುಖಿಮ್‌ನ ಮುಖ ನೋಡಿದರು. “ಆ ಹಾಡು ಪೂರ್ತಿ ಇದೆಯೇನಪ್ಪ?”

ಅವನ ಬಾಯಿ ತೆರೆದುಕೊಂಡಿತು, ಮತ್ತೆ ಸಿಕ್ಕಿಹಾಕಿಕೊಂಡಿತು. ತೆಕ್ಲಾ ಒನುಫ್ರಿಯಿವ್ನಾ ಹಿಂದಿನಿಂದ ಅವನ ಬೆನ್ನ ಮೇಲೆ ಎರಡು ಬೆರಳಿಂದ ತಟ್ಟತೊಡಗಿದರು. ಮೆಲಾನಿಯಾ ಎಂಟೂ ತಟ್ಟು ಕಾದರು.

“ಇದೆ ಅಮ್ಮಾ,” ಎಂದ ನನ್ನ ತಮ್ಮ. “ಎರಡ್ನೇ ಚರಣ ಮರ್ಕಿಯಾನ್ ಬರ್ದಿದ್ದು. ನಿಮ್ಮ ಮೇಲೆ.”

ಆ ತಾಯಿ ಗೋಡೆಗೆ ಕೈ ಕೊಟ್ಟು ನಿಂತರು. “ಹಾಗಾದ್ರೆ ಮನೆಗೆ ಬಾ. ಕೂತ್ಕೊಂಡು ಕೇಳ್ತೀನಿ.”

ಇಬ್ಬರೂ ಚೌಕ ದಾಟಿ ಹೋದರು. ಅವನು ಇಳಿಸಿಹೋದ ಚೀಲ ನನಗೂ ತೆಕ್ಲಾ ಒನುಫ್ರಿಯಿವ್ನಾಗೂ ಉಳಿಯಿತು. ಎಂಟು ತಿಂಗಳಿಂದ ಕೇಳದ ದನಿ ಕೇಳಿದ ಮೇಲೆ ನನಗೆ ಧನ್ಯವಾದ ಎನ್ನುವ ಮಾತು ಬಹಳ ಸಣ್ಣದೆನಿಸಿತು. ಚೀಲದ ಒಂದು ತುದಿ ಹಿಡಿದಿದ್ದ ಆಕೆಯ ಕೈ ಎಳೆದುಕೊಂಡು ಮುತ್ತಿಟ್ಟೆ.

“ಥೂ, ಬಿಡೇ, ಕೈಯೆಲ್ಲ ಮಣ್ಣು.”

ಮಣ್ಣಿದ್ದರೆ ಇರಲಿ ಎಂದು ಇನ್ನೊಂದು ಕೈಗೂ ಇಟ್ಟೆ.