ಮೇಡಂ ಕೂರಿಸಿದ ಕಲ್ಲು

ಗಂಗಾವತಿಯ ನಮ್ಮ ಹೈಸ್ಕೂಲು ರಸ್ತೆಯ ಬದಿಗೆ ಕಲ್ಲಿನ ಸಾಲು ಕೂರಿಸಿ, ಸೈಕಲ್ಲಿಗೆಂದೇ ಬೇರೆ ದಾರಿ ಮಾಡಿಸಿದವರು ನಗರಸಭೆಯ ಇಂಜಿನಿಯರ್ ಮೇಡಂ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂರಿಸಿದ ಪ್ರತಿ ಕಲ್ಲನ್ನೂ ಚಪ್ಪಲಿಗಾಲಿನಿಂದ ಒದ್ದು ನೋಡುತ್ತಿದ್ದರು. ಅಲುಗಾಡಿದರೆ ಕಿತ್ತು ಮತ್ತೆ ಕೂರಿಸಲೇಬೇಕು. ಗಾಡಿ ನಿಲ್ಲಿಸುವ ಜಾಗ ಹೋಯಿತೆಂದು ನಾವು ಅಂಗಡಿಯವರು ಜಗಳಕ್ಕೆ ಹೋದರೆ ಅವರದು ಒಂದೇ ಮಾತು: “ಸಾಲಿ ಹುಡುಗ್ರು ಮೊದಲ ಹೋಗ್ಲಿರಿ, ಆಮ್ಯಾಲೆ ನಾವು.”

ದಾರಿ ಮುಗಿಯುವ ಹೊತ್ತಿಗೆ ಸುಗ್ಗಿ ಬಂತು. ಒಂದು ಬೆಳಿಗ್ಗೆ ನೋಡಿದರೆ ಸೈಕಲ್ ದಾರಿಯ ತುಂಬ ಭತ್ತ ಒಣಹಾಕಿದ್ದಾರೆ. ಶಾಲೆಯ ಹುಡುಗಿಯರು ಮತ್ತೆ ಲಾರಿಗಳ ಪಕ್ಕದಲ್ಲೇ ಸೈಕಲ್ ತುಳಿಯುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಹರಡಿದವರು ಮೇಡಂ ಅವರ ಅಪ್ಪ.

ಮಗಳನ್ನು ಕಂಡವರೇ ಹಿಗ್ಗಿನಿಂದ, “ಲಾರಿ ಬರಂಗಿಲ್ಲ, ದನ ಬರಂಗಿಲ್ಲ. ಎಂಥಾ ಛಲೋ ಕಣ ಕಟ್ಟಿಸಿದಿ ನೋಡವ್ವ,” ಎಂದರು.

ಮೇಡಂ ನಕ್ಕರು. “ಕಣ ಅಲ್ಲಪ್ಪ, ದಾರಿ ಇದು. ಸಾಲಿ ಹುಡುಗ್ರು ಮೊದಲ ಹೋಗ್ಲಿ.” ಹಾಗೆಂದವರೇ ಕಸಬರಿಗೆ ಹಿಡಿದು ಅಪ್ಪನ ಭತ್ತವನ್ನೇ ಮೊದಲು ಗುಡಿಸತೊಡಗಿದರು. ನಾನು ಚೀಲದ ಬಾಯಿ ಹಿಡಿದೆ. ಉಳಿದವರೂ ತಮ್ಮ ತಮ್ಮ ಭತ್ತ ಬಳಿದುಕೊಂಡರು.

ಮೇಡಂ ಅವರಿಗೆ ಈಗ ಬೇರೆ ಊರಿಗೆ ವರ್ಗವಾಗಿದೆ. ಮೊನ್ನೆ ಒಬ್ಬ ಆ ದಾರಿಯಲ್ಲಿ ಬೈಕು ನಿಲ್ಲಿಸಲು ಬಂದ. ನನ್ನ ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದ ಮೇಡಂ ಅವರ ಅಪ್ಪ ಎದ್ದು ಹೋಗಿ, ಪಕ್ಕದ ಕಲ್ಲನ್ನು ಚಪ್ಪಲಿಗಾಲಿನಿಂದ ಒಮ್ಮೆ ಒದ್ದರು.

“ಅಳ್ಳಾಡತೈತೇನು ನೋಡು. ನನ್ನ ಮಗಳು ಕುಂದ್ರಿಸಿದ ಕಲ್ಲಿದು. ಗಾಡಿ ತಗಿ.”