ಜಂಪಣ್ಣ ಓದದೆ ಬಿಟ್ಟ ಹೆಸರು

ಜಂಪಣ್ಣ ನಮ್ಮಪ್ಪ. ಅವನ ಬಲಗೈ ಬೆರಳುಗಳನ್ನು ಮುರಿದದ್ದು ಅವನದೇ ಟೈಪ್‌ರೈಟರಿನಿಂದ. 1978ರ ಸೆಪ್ಟೆಂಬರ್, ಹಗಲು ಹನ್ನೆರಡು ಗಂಟೆ, ಹೊನ್ನಾಳಿಯಲ್ಲಿ ವಕೀಲ ಪಂಚಾಕ್ಷರಪ್ಪನವರ ಆಫೀಸು. ಅಪ್ಪ ಅಲ್ಲಿ ಸ್ಟೆನೋ. ನಾಲ್ಕು ಜನ ನುಗ್ಗಿದರು. ವಕೀಲರನ್ನು ಇಬ್ಬರು ಕುರ್ಚಿಯಿಂದ ಕೆಳಗೆಳೆದು ಸಲಾಕೆಯಿಂದ ತಲೆಗೆ ಬಡಿದರು. ಒಬ್ಬ ಅಪ್ಪನ ಕೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಇನ್ನೊಬ್ಬ ಆ ಭಾರದ ಮಿಷನ್ನನ್ನು ಎದೆಯೆತ್ತರಕ್ಕೆ ಎತ್ತಿ ಬಿಟ್ಟ. ಒಂದು ಸಲ ಸಾಲದೆಂದು ಮತ್ತೆ ಎತ್ತಿದ. ಟೈಪಾಗಿದ್ದ ಕಾಗದಗಳನ್ನೆಲ್ಲ ಬೀದಿಯಲ್ಲಿ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಸುಟ್ಟರು. ಅಕ್ಕಪಕ್ಕದ ಅಂಗಡಿಯವರು ಬಾಗಿಲೆಳೆದುಕೊಂಡರು. ಅವರನ್ನು ನಾನು ಬೈಯುವುದಿಲ್ಲ, ಬೈಯಬೇಕಾದವರು ಬೇರೆ ಇದ್ದಾರೆ. ಹನ್ನೊಂದನೆಯ ದಿನ ವಕೀಲರು ತೀರಿಕೊಂಡರು.

ಸುಟ್ಟದ್ದು ಸದನ ಸಮಿತಿಯ ಕಾಗದ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಜಗಳೂರು ಕಡೆಯ ಹಳ್ಳಿಗಳಿಂದ ಗಂಡಸರನ್ನು ಲಾರಿಗೆ ತುಂಬಿ ಸಂತಾನಹರಣ ಆಪರೇಷನ್ನಿನ ಕ್ಯಾಂಪಿಗೆ ಸಾಗಿಸಿದ್ದರು. ಆ ಹಗರಣ ವಿಧಾನಸಭೆಯಲ್ಲಿ ಗದ್ದಲವೆಬ್ಬಿಸಿ, ಸಮಿತಿ ನೇಮಕವಾಗಿ, ನಮ್ಮ ವಕೀಲರು ಸಮಿತಿಯ ಪರವಾಗಿ ಊರೂರು ತಿರುಗಿ ಹೇಳಿಕೆ ಪಡೆಯುತ್ತಿದ್ದರು. ಲಾರಿಗಳ ಧಣಿ ಮಲ್ಲೇಶಪ್ಪ. ಹೆಸರಿಗೆ ಪಕ್ಷದ ಮುಖಂಡ, ಕೆಲಸದಲ್ಲಿ ಪುಂಡ. ಆಫೀಸಿಗೆ ನುಗ್ಗಿದವರು ಅವನ ಜನ. ಸಣ್ಣಪ್ಪನೆಂಬ ಕೂಲಿಯವನು ಲಾರಿ ಹತ್ತುವುದಿಲ್ಲ ಎಂದದ್ದಕ್ಕೆ ಬಡಿಗೆಯಿಂದ ಬಡಿದು ಕೊಂದರು. ಸರ್ಕಾರಿ ಕಾಗದದಲ್ಲಿ ಅವನು ಲಾರಿಯಿಂದ ಬಿದ್ದು ಸತ್ತ. ಬಡಿದದ್ದು ಯಾರೆಂದು ಊರಿಗೇ ಗೊತ್ತಿದ್ದರೂ ಕಣ್ಣಾರೆ ಕಂಡು, ಬಾಯಿ ಬಿಟ್ಟು ಹೇಳಿದವಳು ಅವನ ಹೆಂಡತಿ ಮೂಕಮ್ಮ ಒಬ್ಬಳೇ. ಅವಳು ಹೇಳಿದ್ದನ್ನು ಅಪ್ಪ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡಿದ್ದ.

ಆ ಪುಸ್ತಕ ನ್ಯಾಮತಿಯ ನಮ್ಮ ಮನೆಯಲ್ಲಿತ್ತು, ಹಾಗಾಗಿ ಉಳಿಯಿತು. ಆದರೆ ಅದನ್ನು ಓದಲು ಅಪ್ಪನೇ ಬೇಕು. ಕನ್ನಡಕ್ಕೆಂದು ಅವನೇ ಕಟ್ಟಿಕೊಂಡ ಗೆರೆಗಳು ಅವು, ಬೇರೆ ಸ್ಟೆನೋಗಳು ನೋಡಿ ಕೋಳಿ ಕೆದರಿದೆ ಎನ್ನುತ್ತಿದ್ದರು. ಚನ್ನಗಿರಿಯ ಪ್ರವಾಸಿ ಮಂದಿರದಲ್ಲಿ ಸಮಿತಿ ಕೂರುತ್ತದೆ, ಅಲ್ಲಿ ಜಂಪಣ್ಣ ತನ್ನ ಪುಸ್ತಕ ಓದುತ್ತಾನೆ ಎಂದು ಗೊತ್ತಾಯಿತು. ನಮ್ಮ ಕಡೆಯ ಜನಕ್ಕೆಲ್ಲ ಅದೇ ಮಾತು.

ಕೂರುವ ದಿನ ಬೆಳಿಗ್ಗೆ ಮಲ್ಲೇಶಪ್ಪ ನಮ್ಮ ಮನೆಗೆ ಬಂದ. ನನಗಾಗ ಹತ್ತು ವರ್ಷ. ಜಗುಲಿಯ ಮೇಲೆ ಕೂತು ನನ್ನನ್ನು ಹತ್ತಿರ ಎಳೆದುಕೊಂಡ. ಬಾಯಿ ತುಂಬ ಎಲೆ ಅಡಿಕೆ.

“ಬೆರಳು ಹೆಂಗವೆ ನೋಡ್ರಿ ಜಂಪಣ್ಣಾರೆ, ಎಳೇ ಬೆಂಡೆಕಾಯಿ ಇದ್ದಂಗೆ,” ಎಂದ. “ನಿಮ್ಮವು ಹೋದ್ವು, ಹೋಗ್ಲಿ. ಇವು ಇನ್ನಾ ಬರೆಯಾಕೆ ಕಲೀಬೇಕಲ್ರೀ.”

ಹಾಗೆನ್ನುತ್ತ ನನ್ನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದ, ನಾನು ಕಿರುಚುವವರೆಗೆ ಬಗ್ಗಿಸಿ ಬಿಟ್ಟ. ಅಪ್ಪನ ಕಡೆ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ.

ಚನ್ನಗಿರಿಯಲ್ಲಿ ನಡೆದದ್ದನ್ನು ನಾನು ನೂರು ಸಲ ಕೇಳಿದ್ದೇನೆ. ಬ್ಯಾಂಡೇಜಿನ ಕೈಯನ್ನು ಎದೆಗೆ ಕಟ್ಟಿಕೊಂಡು, ಎಡಗೈಯಲ್ಲಿ ಹಾಳೆ ತಿರುಗಿಸುತ್ತ ಅಪ್ಪ ಎರಡು ಗಂಟೆ ಓದಿದನಂತೆ. ಹೆಂಗಸರು ಅತ್ತರಂತೆ. ಮೂಕಮ್ಮನ ಹೇಳಿಕೆ ಬಂದಾಗ, “ಯಾರೋ ಗುರುತಿಲ್ಲದವರು ನನ್ನ ಗಂಡನನ್ನು ಬಡಿದರು” ಎಂದು ಓದಿದ.

ಹಿಂದಿನ ಸಾಲಿನಿಂದ ಮೂಕಮ್ಮ ಎದ್ದಳು. “ನಾನು ಹಂಗೆ ಹೇಳಿಲ್ರೀ! ಮಲ್ಲೇಶಪ್ಪ ಅಂತ ಹೇಳಿದೀನಿ, ಅವನೇ ಬಡಿಗೆ ಹಿಡಿದಿದ್ದ! ಇದೇ ಆಯಪ್ಪ ಬರಕೊಂಡಾನೆ, ಕೇಳ್ರಿ!”

ಸಮಿತಿಯ ಅಧ್ಯಕ್ಷರು ಅಪ್ಪನನ್ನು ಕೇಳಿದರು. “ಬರೆದಿರೋದು ಇಷ್ಟೇ ಸ್ವಾಮಿ,” ಎಂದ ಅಪ್ಪ.

ಅಲ್ಲಿಗೆ ಮುಗಿಯಿತು. ಬೆರಳು ಕಳೆದುಕೊಂಡ ಮನುಷ್ಯ ಸುಳ್ಳು ಓದುತ್ತಾನೆಯೇ? ಆ ಬ್ಯಾಂಡೇಜಿನ ಮುಂದೆ ಒಬ್ಬ ಕೂಲಿ ಹೆಂಗಸಿನ ಮಾತು ಯಾವ ಲೆಕ್ಕ? ಮಲ್ಲೇಶಪ್ಪ ಕೊಡಿಸುವ ಸೀರೆಯ ಆಸೆಗೆ ಮೊದಲೇ ಹೆಸರು ಮುಚ್ಚಿಟ್ಟಳು, ಈಗ ಜನರ ಮುಂದೆ ನಾಟಕ ಆಡುತ್ತಾಳೆ ಎಂದರು. ಅಪ್ಪನಿಗೆ ಹೊನ್ನಾಳಿಯಲ್ಲಿ ಶಾಲು ಹೊದಿಸಿದರು, ಆಮೇಲೆ ವರ್ಷ ವರ್ಷವೂ ಯಾರಾದರೊಬ್ಬರು ಹೊದಿಸುತ್ತಲೇ ಬಂದರು.

ಮೂಕಮ್ಮನ ಮಗ ಪಾಪಣ್ಣ ಅಂದು ಅದೇ ಕೋಣೆಯಲ್ಲಿದ್ದ. ಇಪ್ಪತ್ತೆರಡು ವರ್ಷದವನು. ಅವನೂ ಬ್ಯಾಂಡೇಜನ್ನೇ ನಂಬಿದ, ಕೊಂದವನ ಹೆಸರನ್ನು ತಾಯಿಯೇ ಮುಚ್ಚಿಟ್ಟಳು ಎಂದುಕೊಂಡ. ಹೆತ್ತ ತಾಯಿಯ ಕಾಲ ಬಳಿ ಉಗಿದು ಹೊರಗೆ ನಡೆದ. ಎರಡು ತಿಂಗಳಿಗೆ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ, ಹಾಡಹಗಲು, ಜೀಪಿನಿಂದ ಇಳಿಯುತ್ತಿದ್ದ ಮಲ್ಲೇಶಪ್ಪನನ್ನು ಮಚ್ಚಿನಿಂದ ಕೊಚ್ಚಿದ. ಮೊದಲ ಏಟಿಗೆ ಭುಜ ಸೀಳಿತು, ಎರಡನೆಯದಕ್ಕೆ ಕುತ್ತಿಗೆ. ಸತ್ತ ಮೇಲೂ ಕೊಚ್ಚುತ್ತಲೇ ಇದ್ದನಂತೆ. ಜೀವಾವಧಿ ಶಿಕ್ಷೆಯಾಗಿ ಬಳ್ಳಾರಿ ಜೈಲು ಸೇರಿದ. ಮೂಕಮ್ಮ ನೋಡಲು ಹೋದಾಗಲೆಲ್ಲ ಒಳಗಿನಿಂದ ಒಂದೇ ಉತ್ತರ: ಅವಳ ಮುಖ ನೋಡುವುದಿಲ್ಲ.

ಇದರಲ್ಲಿ ನನ್ನಪ್ಪನ ಪಾಲೇನೆಂದು ನನಗೆ ಎಂಟು ವರ್ಷ ತಿಳಿಯಲಿಲ್ಲ. ಅವನು ನ್ಯಾಮತಿಯಲ್ಲಿ ಟೈಪಿಂಗ್ ಕ್ಲಾಸು ಇಟ್ಟುಕೊಂಡಿದ್ದ. ಒಳ್ಳೆಯ ಮೇಷ್ಟ್ರು, ಯಾರನ್ನೂ ಗದರಿದವನಲ್ಲ. ತನ್ನ ಗೆರೆಗಳನ್ನು ನನಗೊಬ್ಬಳಿಗೇ ಕಲಿಸಿದ. ಯಾಕೆ ಕಲಿಸಿದನೋ, ಇವತ್ತಿಗೂ ನನಗೆ ಅರ್ಥವಾಗಿಲ್ಲ.

1986ರಲ್ಲಿ ವಕೀಲರ ಹೆಂಡತಿ ಸರ್ವಮಂಗಳಮ್ಮ ನನ್ನನ್ನು ಹೊನ್ನಾಳಿಗೆ ಕರೆಸಿದರು. ಸಮಿತಿ ಮುಗಿದ ಮೇಲೆ ಹಿಂದಕ್ಕೆ ಬಂದಿದ್ದ, ಸುಡದೆ ಉಳಿದ ವಕೀಲರ ಕಾಗದಗಳು ಒಂದು ಟ್ರಂಕಿನಲ್ಲಿದ್ದವು.

“ಪತ್ರಾಗಾರದವರು ಕೇಳ್ಯಾರೆ ಕಣೇ ಶಂಕ್ರಿ. ಏನೇನೈತೆ ಅಂತ ಒಂದು ಪಟ್ಟಿ ಮಾಡಿಕೊಡು,” ಎಂದರು.

ಅಂದು ಸಮಿತಿಗೆ ಒಪ್ಪಿಸಿದ್ದ ಅಪ್ಪನ ಪುಸ್ತಕವೂ ಅದರಲ್ಲಿತ್ತು. ಹೆಮ್ಮೆಯಿಂದಲೇ ತೆರೆದೆ. ಮೂಕಮ್ಮನ ಹೇಳಿಕೆಯಲ್ಲಿ ಮಲ್ಲೇಶಪ್ಪನ ಹೆಸರು ನಾಲ್ಕು ಕಡೆ ಇತ್ತು. ‘ಗುರುತಿಲ್ಲದವರು’ ಎಂಬ ಮಾತು ಒಂದು ಕಡೆಯೂ ಇರಲಿಲ್ಲ. ಪುಸ್ತಕವನ್ನು ಎತ್ತಿಕೊಂಡು ಎದ್ದೆ.

ಮುಂದಿನ ಬಸ್ಸಿಗೇ ನ್ಯಾಮತಿಗೆ ಬಂದು, ಕ್ಲಾಸಿನ ಹುಡುಗಿಯರ ಎದುರಿಗೇ ಪುಸ್ತಕವನ್ನು ಅವನ ಮುಖಕ್ಕೆಸೆದೆ. ಹುಡುಗಿಯರು ಎದ್ದು ಹೋದರು.

“ನಿನ್ನ ಬೆರಳಿಗೋಸ್ಕರ ಕಣೇ,” ಎಂದ.

“ಆಯ್ತು, ಒಪ್ಪಿದೆ. ಎರಡು ತಿಂಗಳಿಗೆ ಅವನು ಸತ್ತನಲ್ಲ, ಆಮೇಲೆ? ಆಮೇಲೆ ಯಾರ ಬೆರಳಿಗೋಸ್ಕರ?”

ಅವನು ಬಗ್ಗಿ ಎಡಗೈಯಿಂದ ಪುಸ್ತಕ ಎತ್ತಿ ಮೇಜಿನ ಮೇಲಿಟ್ಟ. ನಿಜವೆಂಬುದು ಅವನಿಗೆ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಶಾಲು ಹೊದ್ದವನಿಗೆ ಶಾಲು ತೆಗೆಯುವುದು ಬೆರಳು ಕಳೆದುಕೊಳ್ಳುವುದಕ್ಕಿಂತ ಕಷ್ಟ. ಅವನ ಮೇಲೆ ನನಗೆ ಅಸಹ್ಯವಾಯಿತು. ಅವನ ಸುಳ್ಳಿನಿಂದ ಉಳಿದ ನನ್ನ ಮೇಲೂ ಆಯಿತು.

ಭಾನುವಾರ ಅವನನ್ನು ಜಗಳೂರಿನ ಬಸ್ಸು ಹತ್ತಿಸಿದೆ. ಅಲ್ಲಿಂದ ಎರಡು ಮೈಲಿ ನಡಿಗೆ. ಮೂಕಮ್ಮ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದಳು. ಅಪ್ಪನ ಕೈ ನೋಡಿಯೇ ಗುರುತು ಹಿಡಿದಳು.

“ಅವತ್ತು ನಾನು ಓದಿದ್ದು ಸುಳ್ಳು ಕಣಮ್ಮ,” ಎಂದ ಅಪ್ಪ. “ನೀನು ಹೆಸರು ಹೇಳಿದ್ದೆ. ನಾನು ಬರಕೊಂಡಿದ್ದೆ. ಹೆದರಿ ಬಿಟ್ಟೆ.”

ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು. ಕಾಲಿನ ಕೆರ ತೆಗೆದು ಅವನ ಕೆನ್ನೆಗೆ ಹೊಡೆದಳು. ತಲೆಗೆ, ಬಾಯಿಗೆ, ಕೆಳಗೆ ಬಿದ್ದಾಗ ಬೆನ್ನಿಗೆ. ತುಟಿ ಒಡೆದು ರಕ್ತ ಬಂತು. ಕೇರಿಯ ಜನ ಸೇರಿದರು. ಅಪ್ಪ ಕೈ ಅಡ್ಡ ಹಿಡಿಯಲಿಲ್ಲ, ನಾನೂ ಬಿಡಿಸಲಿಲ್ಲ. ಕೈ ಸೋತ ಮೇಲೆ ಅವಳೇ ನಿಲ್ಲಿಸಿದಳು.

ಅಪ್ಪ ಎದ್ದು ಕೂತು ಪುಸ್ತಕ ಬಿಡಿಸಿದ.

“ನನಗ್ಯಾಕೆ ಓದ್ತೀಯ?” ಎಂದಳು. “ಹೇಳಿದೋಳೇ ನಾನು. ಜೈಲಿಗೆ ಹೋಗಿ ಅವನಿಗೆ ಓದು.”

ಮರುವಾರ ಮೂವರೂ ಬಳ್ಳಾರಿಗೆ ಹೋದೆವು. ಮೂಕಮ್ಮ ಒಳಗೆ ಬರಲಿಲ್ಲ. ಮತ್ತೊಮ್ಮೆ ಬೇಡ ಎನಿಸಿಕೊಳ್ಳುವ ಶಕ್ತಿ ಇಲ್ಲವೆಂದು ಗೇಟಿನ ಹೊರಗೇ ಕೂತಳು. ಪಾಪಣ್ಣನ ತಲೆ ಆಗಲೇ ನರೆತಿತ್ತು. ಸರಳಿನಾಚೆ ನಿಂತು ನಮ್ಮನ್ನು ಯಾರೆಂದೂ ಕೇಳಲಿಲ್ಲ. ಅಪ್ಪ ಓದಿದ. ಇನ್ನೂ ಮಾಯದ ತುಟಿಯಿಂದ ಮಾತು ತೊದಲುತ್ತಿತ್ತು, ಆದರೆ ನಾಲ್ಕು ಸಲವೂ ಹೆಸರನ್ನು ಬಿಡಿಸಿ ಓದಿದ. ಓದಿ ಮುಗಿಸಿ, ಅವತ್ತು ತಾನೇ ಅದನ್ನು ನುಂಗಿದ್ದಾಗಿ ಹೇಳಿದ.

ಸರಳಿನ ಸಂದಿಯಿಂದ ಎರಡು ಕೈ ಬಂದವು. ಅಪ್ಪನ ಕೊರಳಪಟ್ಟಿ ಹಿಡಿದೆಳೆದು ಪಾಪಣ್ಣ ಅವನ ಮುಖವನ್ನು ಕಬ್ಬಿಣಕ್ಕೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ವಾರ್ಡರ್ ಓಡಿಬಂದು ಆ ಕೈಗಳ ಮೇಲೆ ಲಾಠಿ ಬೀಸಿದ.

“ಬಿಡ್ರಿ ಸ್ವಾಮಿ, ಹೊಡೀಲಿ,” ಎಂದ ಅಪ್ಪ, ರಕ್ತ ಉಗುಳುತ್ತ.

ಪಾಪಣ್ಣನೇ ಬಿಟ್ಟ. ಸರಳಿಗೆ ಹಣೆ ಹಚ್ಚಿ ಏದುಸಿರು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, “ಅವ್ವ ಬಂದವ್ಳಾ?” ಎಂದ.

“ಹೊರಗೆ ಕೂತಾರೆ.”

“ಕರೀರಿ,” ಎಂದ. ನಾನು ಗೇಟಿನ ಕಡೆ ಓಡಿದೆ.